ಸ್ವದೇಶಿ ಮೇಲ್, ವಿದೇಶಿ ಡಂಗುರ

ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಮತ್ತೆ ಶುರು ಮಾಡಿದ್ದಾರೆ. "ವಿದೇಶಿ ಆಪ್‌ಗಳಿಗೆ ಇವತ್ತೇ ಕೊನೆ ನಮಸ್ಕಾರ. ಎಲ್ಲರೂ ಅರಟ್ಟೈಗೆ ಬನ್ನಿ. ದೇಶಕ್ಕೆ ಇಷ್ಟಾದರೂ ಮಾಡದಿದ್ದರೆ ಹೇಗೆ?" ಕೆಳಗೆ ಮೂರು ಬಾವುಟ, ಆರು ಕೈಮುಗಿಯುವ ಗೊಂಬೆ. ಅರಟ್ಟೈ ಅಂದರೆ ವಾಟ್ಸಾಪ್ ಥರದ್ದೇ ಮೆಸೇಜ್ ಆಪ್, ತಮಿಳುನಾಡಿನ ಜೋಹೋ ಕಂಪನಿಯದು. ಮಾವನ ಮೆಸೇಜ್ ಬಂದಿದ್ದು ಮಾತ್ರ ವಾಟ್ಸಾಪ್‌ನಲ್ಲಿ. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದ ಫಾರ್ವರ್ಡು. ಕಳೆದ ಸಲ ಇದೇ ಮಾತು ನಂಬಿ ನಾನು ಅಲ್ಲಿಗೆ ಹೋಗಿದ್ದೆ. ಮದುವೆಗೆ ಎರಡು ದಿನ ಮುಂಚೆಯೇ ಛತ್ರಕ್ಕೆ ಹೋದವನ ಹಾಗೆ ಎಂಟು ದಿನ ಒಬ್ಬನೇ ಕೂತಿದ್ದೆ. ಒಂಬತ್ತನೇ ದಿನ ಮಾವ ಬಂದರು. "ಯಾರೂ ಇಲ್ವಲ್ಲೋ ಇಲ್ಲಿ" ಅಂತ ಒಂದು ಸಾಲು ಬರೆದು ವಾಟ್ಸಾಪ್‌ಗೆ ವಾಪಸ್ ಹೋದರು.

ಹೆಸರೇನೋ ನನಗೆ ಇಷ್ಟ. ತಮಿಳಿನ ಅರಟ್ಟೈ ಅಂದರೆ ನಮ್ಮ ಹರಟೆಯೇ. ಕಿವಿಗೇ ಗೊತ್ತಾಗುತ್ತೆ, ಅನುವಾದ ಬೇಡ. ಉತ್ತರದವರು ಮಾತ್ರ ಆ ಹೆಸರು ಹೇಳಲು ನಾಲಿಗೆ ಹೊರಳಿಸಿ ಸುಸ್ತಾದರು, ಬದಲಾಯಿಸಿ ಅಂತಲೂ ಗೋಗರೆದರು. ದಶಕಗಳಿಂದ ಬೇರೆಯವರ ಪದಗಳನ್ನು ಬಾಯಲ್ಲಿ ತುರುಕಿಸಿಕೊಂಡು ಬಂದ ನಮ್ಮಂಥವರಿಗೆ ಅದೊಂದು ಸಣ್ಣ ಖುಷಿ, ಮುಚ್ಚಿಡುವುದೇಕೆ. 2025ರ ಸೆಪ್ಟೆಂಬರ್ ಕೊನೆಗೆ ಈ ಹರಟೆ ಆಪ್ ಸ್ಟೋರ್‌ನಲ್ಲಿ ನಂಬರ್ ಒನ್ ಆಯಿತು, ಎಲ್ಲರೂ ಎದೆಯುಬ್ಬಿಸಿದರು. ಆಪ್ ಸ್ಟೋರ್ ಆಪಲ್‌ದು. ಆಂಡ್ರಾಯ್ಡ್‌ನವರು ಇಳಿಸಿಕೊಂಡಿದ್ದು ಗೂಗಲ್‌ನ ಅಂಗಡಿಯಿಂದ. ಸ್ವಾತಂತ್ರ್ಯ ಘೋಷಿಸಲು ವೈಸ್‌ರಾಯ್ ಮನೆಯ ಜಗಲಿ ಬಾಡಿಗೆಗೆ ತೆಗೆದುಕೊಂಡ ಹಾಗೆ.

ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವರು ಜೋಹೋ ಮೇಲ್‌ಗೆ ಹೋದರು. ಒಳ್ಳೆಯದು. ಜೋಹೋ ಬಗ್ಗೆ ನನಗೆ ಗೌರವವೇ ಇದೆ. 1996ರಿಂದ ಸದ್ದಿಲ್ಲದೆ ಕೆಲಸ ಮಾಡಿಕೊಂಡು ಬಂದ ಕಂಪನಿ, ತೆಂಕಾಶಿಯಂಥ ಸಣ್ಣ ಊರಲ್ಲಿ ಆಫೀಸು ತೆರೆದವರು. ಆದರೆ ಸಚಿವರು ಆ ಸುದ್ದಿಯ ಡಂಗುರ ಹೊಡೆಸಿದ್ದು ಎಲ್ಲಿ ಹೇಳಿ? ಎಲಾನ್ ಮಸ್ಕ್ ಅವರ ಎಕ್ಸ್‌ನಲ್ಲಿ. ಪೋಸ್ಟಿನ ಕೊನೆಗೆ 'ಈ ವಿಷಯಕ್ಕೆ ಗಮನ ಕೊಟ್ಟಿದ್ದಕ್ಕೆ ಧನ್ಯವಾದ' ಅನ್ನುವ ಇಂಗ್ಲಿಷ್ ಸಾಲು ಬೇರೆ, ಥೇಟ್ ಟ್ರಂಪ್ ಧಾಟಿ. ಅವರು ನಮ್ಮ ಮಾಲಿನ ಮೇಲೆ ಶೇಕಡಾ 50 ಸುಂಕ ಹೇರಿ ಕೂತಿದ್ದ ದಿನಗಳವು. ನಾವು ಅವರ ಸಾಲನ್ನು ಸುಂಕವಿಲ್ಲದೆ ಒಳಗೆ ಬಿಟ್ಟುಕೊಂಡೆವು. ಎಷ್ಟು ದೊಡ್ಡ ಮನಸ್ಸು ನಮ್ಮದು!

ಹಳದಿ ಹಕ್ಕಿ ನೆನಪಿದೆಯಾ? ನಮ್ಮ ಬೆಂಗಳೂರಿನದೇ ಕೂ, ಟ್ವಿಟರ್ ಥರದ ಆಪ್. 2021ರಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಗಳ ಹತ್ತಿದಾಗ ಸಚಿವರು, ಇಲಾಖೆಗಳು ಎಲ್ಲರೂ ಗುಂಪುಗುಂಪಾಗಿ ಹೋಗಿ ಅದರ ಮೇಲೆ ಕೂತರು. ಟ್ವಿಟರ್ ಖಾತೆಯನ್ನು ಮಾತ್ರ ಯಾರೂ ಮುಚ್ಚಲಿಲ್ಲ, ಹೊಸ ಮನೆ ಕಟ್ಟಿಸಿ ಹಳೇ ಮನೆಯಲ್ಲೇ ಮಲಗುವವರ ಹಾಗೆ. 2024ರ ಜುಲೈನಲ್ಲಿ ಹಕ್ಕಿ ಕಣ್ಣು ಮುಚ್ಚಿತು. ಸಂಸ್ಥಾಪಕರು ಆ ಸುದ್ದಿ ತಿಳಿಸಿದ್ದು ಲಿಂಕ್ಡ್‌ಇನ್‌ನಲ್ಲಿ. ಲಿಂಕ್ಡ್‌ಇನ್ ಮೈಕ್ರೋಸಾಫ್ಟ್‌ನದು. ಅದಕ್ಕೂ ಮೊದಲು, 2020ರ ಜೂನ್‌ನಲ್ಲಿ, ಟಿಕ್‌ಟಾಕ್ ಸೇರಿ 59 ಚೀನೀ ಆಪ್‌ಗಳನ್ನು ಓಡಿಸಿದೆವು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಕುಣಿತ ಒಂದು ದಿನಕ್ಕೂ ನಿಲ್ಲಲಿಲ್ಲ.

ಯುಪಿಐ ವಿಷಯ ಎತ್ತಬೇಡಿ ಅಂತ ಮಾವ ಮೊದಲೇ ಹೇಳಿಬಿಟ್ಟಿದ್ದಾರೆ, ಯಾಕೆಂದರೆ ಅದು ನಮ್ಮ ಹೆಮ್ಮೆ. ಹೌದು, ನಿಜಕ್ಕೂ ಹೆಮ್ಮೆಯೇ. ಹಳಿ ಹಾಕಿದವರು ನಾವೇ. ಅದರ ಮೇಲೆ ಓಡುವ ಹತ್ತು ಗಾಡಿಗಳಲ್ಲಿ ಮಾತ್ರ ಹೆಚ್ಚುಕಡಿಮೆ ಎಂಟು ಅಮೆರಿಕದ ವಾಲ್‌ಮಾರ್ಟ್ ಒಡೆತನದ ಫೋನ್‌ಪೇ ಮತ್ತು ಗೂಗಲ್ ಪೇ ಅವರದ್ದು. ಯಾವುದೇ ಒಂದು ಆಪ್‌ಗೆ ಶೇಕಡಾ 30ಕ್ಕಿಂತ ಜಾಸ್ತಿ ಪಾಲು ಬೇಡ ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಗಡುವನ್ನು 2024ರ ಕೊನೆಗೆ ತಳ್ಳಿದರು, ಆಮೇಲೆ 2026ರ ಕೊನೆಗೆ. ಗಡುವು ಅನ್ನುವುದು ನಮ್ಮಲ್ಲಿ ಗಡಿಯಾರದ ಮುಳ್ಳಿನ ಥರ, ಮುಂದಕ್ಕೆ ಹೋಗುವುದೇ ಅದರ ಕೆಲಸ.

ನಯಾರಾ ಕತೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. 2025ರ ಜುಲೈ. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಕಂಪನಿ. ರಷ್ಯಾದ ರಾಸ್ನೆಫ್ಟ್ ಪಾಲಿದೆ ಅಂತ ಐರೋಪ್ಯ ಒಕ್ಕೂಟ ನಿರ್ಬಂಧ ಹಾಕಿತು, ಅಮೆರಿಕದ ಮೈಕ್ರೋಸಾಫ್ಟ್ ಭಾರತದಲ್ಲಿ ಕೂತ ನೌಕರರ ಮೇಲ್ ಮತ್ತು ಟೀಮ್ಸ್ ನಿಲ್ಲಿಸಿತು. ದುಡ್ಡು ಪೂರ್ತಿ ಕೊಟ್ಟಿದ್ದೇವೆ, ಡೇಟಾ ನಮ್ಮದೇ ಅಂತ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಸುಮಾರು ಒಂದು ವಾರದ ಮೇಲೆ ಎಲ್ಲ ವಾಪಸ್ ಬಂತು. ನಿಲ್ಲಿಸಿ ಅಂತ ನಮ್ಮ ಯಾವ ಕಾನೂನೂ ಹೇಳಿರಲಿಲ್ಲ. ಇವತ್ತು ರಿಫೈನರಿ, ನಾಳೆ ಆಸ್ಪತ್ರೆ ಇರಬಹುದು, ವಿದ್ಯುತ್ ಗ್ರಿಡ್ ಇರಬಹುದು.

ಇಂಥದ್ದೊಂದು ಆದ ಮೇಲೂ ನಮಗೆ ಬೇಕಾಗಿದ್ದು ಒಂದು ಅಭಿಯಾನ, ಒಂದು ಹ್ಯಾಶ್‌ಟ್ಯಾಗ್, ಆಪ್ ಇಳಿಸಿಕೊಂಡ ಸ್ಕ್ರೀನ್‌ಶಾಟ್. ಕೇಂದ್ರ ಸರ್ಕಾರದ್ದೇ ಸಂಸ್ಥೆ ಸಿ-ಡ್ಯಾಕ್‌ನವರ ಬಾಸ್ ಅನ್ನುವ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ತಂತ್ರಾಂಶ, 2007ರಿಂದ ಇದೆ, ಕನ್ನಡವೂ ಇದೆ ಅದರಲ್ಲಿ. ಎಷ್ಟು ಜನ ಬಾಸ್‌ಗಳು ಆ ಬಾಸ್‌ನ ಮುಖ ನೋಡಿದ್ದಾರೆ? ಕೇರಳದವರು ಸರ್ಕಾರಿ ಶಾಲೆಗಳಲ್ಲಿ ವರ್ಷಗಟ್ಟಲೆ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿದ್ದಾರೆ, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು, ಕೆಟ್ಟರೆ ರಿಪೇರಿ ಮಾಡಿಕೊಂಡು. ಅದರಲ್ಲಿ ಟ್ವೀಟ್ ಮಾಡುವಂಥದ್ದು ಏನೂ ಇಲ್ಲವಲ್ಲ. ಸರ್ವರ್ ರೂಮಿನ ರಿಬ್ಬನ್ ಕತ್ತರಿಸಲು ಬರುವವರು ರಾತ್ರಿ ಎರಡು ಗಂಟೆಗೆ ಅದು ಕುಸಿದಾಗ ಬರುವುದಿಲ್ಲ. ಅದಕ್ಕೆ ಸಂಬಳ ಕೊಟ್ಟು ಜನ ಇಡಬೇಕು, ಹತ್ತು ವರ್ಷ ಇಡಬೇಕು. ಸುಮ್ನೆ ಎಷ್ಟು ಸಲ ಅಂತ ಹೇಳುವುದು. ಬೇಜಾರಾಗಿದೆ.

ಹೋಗಲಿ, ನನ್ನ ಕತೆ ಕೇಳಿ. ಮೊನ್ನೆ ಒಂದು ಸರ್ಕಾರಿ ಕಚೇರಿಯಿಂದ ಒಂದು ಸುತ್ತೋಲೆ ಬೇಕಿತ್ತು. ಮೇಲ್‌ನಲ್ಲಿ ಕಳಿಸಿದರು. ತೆರೆದರೆ ಹಳೆಯ ಆಸ್ಕಿ ಫಾಂಟಿನ ಕನ್ನಡ, ಅಂದರೆ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿದ್ದು. ನಿಮಗೆ ಗೊತ್ತೇ ಇರುತ್ತೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಹೇಗೆ ಕಾಣುತ್ತೆ ಅಂತ. ಕ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಕಟ್ಟಿನ ಜಾಗದಲ್ಲಿ ಟೊಪ್ಪಿ ಹಾಕಿದ ಎ, ನ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ಅಂದರೆ 'ನಮ್ಮ' ಅನ್ನುವ ಪದವೇ ಪೌಂಡಿನಿಂದ ಶುರುವಾಗುತ್ತೆ! ಕ್ಯಾಲಿಫೋರ್ನಿಯಾದಲ್ಲಿ ಕೂತು ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಕೋಡ್ ಪಟ್ಟಿ ಮಾಡುವ ಯುನಿಕೋಡ್‌ನವರು 1991ರಲ್ಲೇ ನಮ್ಮ ಒಂದೊಂದು ಅಕ್ಷರಕ್ಕೂ ಅದರದೇ ನಂಬರ್ ಕೊಟ್ಟಿದ್ದಾರೆ. ಆ ಕಾಲದ ಕಂಪ್ಯೂಟರಿಗೆ ಆಸ್ಕಿ ಬೇಕಿತ್ತು, ಒಪ್ಪಿದೆ. ಈಗಲೂ ಬೇಕಾ? ಆ ಕಡತದಲ್ಲಿ ಒಂದು ಪದ ಹುಡುಕಲು ಬರುವುದಿಲ್ಲ, ಕುರುಡರ ಸ್ಕ್ರೀನ್ ರೀಡರ್ ಓದುವುದಿಲ್ಲ. ಇದಕ್ಕೆ ಬೀಗ ಹಾಕಿದ್ದು ಯಾವ ಅಮೆರಿಕದವನೂ ಅಲ್ಲ.

ಫೋನ್ ಮಾಡಿದೆ.

"ನಮ್ಮ ಸಿಸ್ಟಮ್‌ನಲ್ಲಿ ಸರಿಯಾಗೇ ಕಾಣ್ತಿದೆ ಸಾರ್" ಅಂದರು ಆ ಕಡೆಯವರು.

"ನನ್ನ ಹತ್ತಿರ ಬರೀ ಪೌಂಡ್ ಕಾಣ್ತಿದೆ ಸಾರ್."

ಸ್ವಲ್ಪ ಹೊತ್ತು ಯೋಚಿಸಿದರು. "ಒಂದು ಕೆಲ್ಸ ಮಾಡ್ತೀನಿ. ಪ್ರಿಂಟ್ ತೆಗೆದು, ಫೋಟೋ ಹೊಡೆದು ವಾಟ್ಸಾಪ್ ಮಾಡ್ಲಾ?"

ಮಾಡಿ ಅಂದೆ. ಎರಡು ನಿಮಿಷದಲ್ಲಿ ಬಂತು. ಸ್ವಲ್ಪ ಓರೆಯಾಗಿತ್ತು, ಮೂಲೆಯಲ್ಲಿ ಅವರ ಹೆಬ್ಬೆರಳು ಸಿಕ್ಕಿತ್ತು. ಓದಲು ಏನೂ ತೊಂದರೆಯಾಗಲಿಲ್ಲ.