ಮಾಸ್ತಿಯವರ ‘ಅಂತೆ’, ನಮ್ಮಜ್ಜಿಯ ‘ಅಂಟ’

ಮೊನ್ನೆ ಚಿಂತಾಮಣಿಯಲ್ಲಿ ಟೀ ಅಂಗಡಿ ಮುಂದೆ ಕಾಲೇಜು ಹುಡುಗನೊಬ್ಬ ಹಿಡಿದುಕೊಂಡ. ‘ಸಾರ್, ಕಾದಂಬರಿ ಬರೀಬೇಕು ಅಂದ್ರೆ ಮೊದ್ಲು ಯಾರನ್ನ ಓದ್ಬೇಕು?’ ಮಾಸ್ತಿ ಅಂದೆ. ಮರ್ಯಾದೆಗೆ ತಲೆಯಾಡಿಸಿದ, ಮುಖ ಮಾತ್ರ ಸಪ್ಪಗಾಯಿತು. ಕಾಫ್ಕಾ ಅಂತಲೋ ಮಾರ್ಕೆಸ್ ಅಂತಲೋ ಹೇಳುತ್ತೇನೆ ಅಂದುಕೊಂಡಿದ್ದನೇನೋ.

ಅವನನ್ನು ಬೈಯುವ ಹಕ್ಕು ನನಗಿಲ್ಲ. ಇಪ್ಪತ್ತರ ವಯಸ್ಸಲ್ಲಿ ನಾನೂ ‘ಚಿಕವೀರ ರಾಜೇಂದ್ರ’ವನ್ನು ಅರ್ಧಕ್ಕೆ ಬಿಟ್ಟವನೇ. ಇದೇನಿದು, ನೆಂಟರು ಜಗಲಿ ಮೇಲೆ ಕೂತು ಊರ ಸುದ್ದಿ ಹೇಳಿದ ಹಾಗಿದೆ ಅನ್ನಿಸಿತ್ತು. ಇದಕ್ಕೆ 1983ರ ಜ್ಞಾನಪೀಠ ಯಾಕೆ ಕೊಟ್ಟರೋ ಅಂತ ಗೆಳೆಯರ ಮುಂದೆ ನಕ್ಕಿದ್ದೂ ಉಂಟು.

ಮತ್ತೆ ಓದಿದ್ದು ಹತ್ತು ವರ್ಷದ ಮೇಲೆ, ಶಿಡ್ಲಘಟ್ಟದ ಹತ್ತಿರ ನಮ್ಮ ರೇಷ್ಮೆ ಹುಳು ಮನೆಯಲ್ಲಿ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳುಗಳಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ನಿದ್ದೆ ತಡೆಯೋಕೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೇ ಪ್ರತಿ. ಕೊಡಗಿನ ಕೊನೆಯ ಅರಸ, 1834ರಲ್ಲಿ ಇಂಗ್ಲಿಷರು ಪಟ್ಟದಿಂದ ಇಳಿಸಿದವನು. ಕುಡುಕ, ಕ್ರೂರಿ. ಅಂಥವನನ್ನೂ ಮಾಸ್ತಿ ಕಟಕಟೆ ಹತ್ತಿಸುವುದಿಲ್ಲ. ಪಕ್ಕದಲ್ಲಿ ಅವನ ಮಂತ್ರಿ ಕುಂಟ ಬಸವನನ್ನು ನಿಲ್ಲಿಸಿ, ಇಬ್ಬರ ನಂಟಿನ ಗಂಟನ್ನು ಅವಸರವಿಲ್ಲದೆ ಬಿಚ್ಚುತ್ತಾರೆ. ಬೆಳಗಿನ ಸೊಪ್ಪು ಹಾಕೋದು ತಡವಾಗಿ ಅಮ್ಮನ ಕೈಲಿ ಬೈಸಿಕೊಂಡೆ.

ಆಮೇಲೆ ಅವರ ಸಣ್ಣ ಕತೆಗಳಿಗೆ ಹೋದೆ. ಎಷ್ಟೋ ಕತೆಗಳಲ್ಲಿ ಹೇಳುವವನು ತಾನು ಕಂಡದ್ದನ್ನಲ್ಲ, ಯಾರಿಂದಲೋ ಕೇಳಿದ್ದನ್ನು ಹೇಳುತ್ತಿರುತ್ತಾನೆ. ಹೀಗಾಯಿತಂತೆ, ಅವಳು ಹೀಗಂದಳಂತೆ. ನಮ್ಮ ಮನೆಮಾತು ತೆಲುಗು. ಅಜ್ಜಿಯ ಕತೆಗಳೆಲ್ಲ ‘ಅಂಟ’ದಲ್ಲೇ, ಅಂದರೆ ತೆಲುಗಿನ ‘ಅಂತೆ’ಯಲ್ಲೇ, ಮುಗಿಯುತ್ತಿದ್ದವು. ಮಾಸ್ತಿಯವರ ಮನೆಮಾತು ತಮಿಳು. ಆದರೂ ಮಾಲೂರು ಸೀಮೆಯ ಆ ಕನ್ನಡ ನನಗೆ ನಮ್ಮಜ್ಜಿಯದೇ ಅನ್ನಿಸಿತು. (2007ರಲ್ಲಿ ಜಿಲ್ಲೆ ಒಡೆದಾಗ ಮಾಸ್ತಿ, ಮುಳಬಾಗಿಲ ಡಿವಿಜಿ ಇಬ್ಬರೂ ಕೋಲಾರದ ಪಾಲಿಗೆ ಹೋದರು. ಚಿಕ್ಕಬಳ್ಳಾಪುರದವರಾದ ನಮಗೆ ಆ ಹೊಟ್ಟೆಯುರಿ ಇನ್ನೂ ಇದೆ.)

‘ಅಂತೆ’ ಅನ್ನುವವನು ತನಗೆಲ್ಲ ಗೊತ್ತು ಅನ್ನುವುದಿಲ್ಲ. ಈಗಿನ ಕಾದಂಬರಿಕಾರರು, ನನ್ನನ್ನೂ ಸೇರಿಸಿ, ಪಾತ್ರದ ಕನಸಿನೊಳಗೂ ಟಾರ್ಚ್ ಬಿಡುತ್ತೇವೆ. ತೇಜಸ್ವಿ ಹಾಗೆ ಮಾಡಲಿಲ್ಲ. ‘ಕರ್ವಾಲೊ’ದಲ್ಲಿ ಅಷ್ಟು ಪಾಡುಪಟ್ಟು ಹುಡುಕಿದ ಹಾರುವ ಓತಿಯನ್ನು ಕೊನೆಗೆ ಕಣಿವೆಗೆ ಹಾರಿಹೋಗಲು ಬಿಟ್ಟರು.

ನನ್ನ ಮೊದಲ ಕಾದಂಬರಿಯ ಕರಡು ತಿದ್ದಿದವರು ‘ಅಂತೆ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದಿದ್ದರು. ‘ಖಚಿತವಾಗಿ ಬರೆಯಿರಿ’ ಅಂತ ಅಂಚಿನಲ್ಲಿ ಬೇರೆ. ಒಪ್ಪಿಕೊಂಡುಬಿಟ್ಟೆ. ಆ ಪುಸ್ತಕವನ್ನು ಈಗ ತೆರೆದರೆ ಪೊಲೀಸು ಪಂಚನಾಮೆ ಓದಿದ ಹಾಗಾಗುತ್ತದೆ.

ಮಾಸ್ತಿಯವರಲ್ಲಿ ಎಲ್ಲವೂ ಸಿಗುತ್ತದೆ ಅಂತಲ್ಲ. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರ ಹಸಿವು, ಬೈಗುಳ ನಾನು ಅಲ್ಲಿ ಹುಡುಕಿ ಸೋತೆ. ಅದಕ್ಕೆ ದೇವನೂರರ ‘ಒಡಲಾಳ’ಕ್ಕೇ ಹೋಗಬೇಕಾಯಿತು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಸುತ್ತುವ ಸಾಕವ್ವನ ಬಾಯಿ ಕೇಳಿದ ಮೇಲೆಯೇ, ನಮ್ಮ ತೆಲುಗು ಬೆರೆತ ಕನ್ನಡವನ್ನೂ ಬರೆಯಬಹುದು ಅನ್ನೋ ಧೈರ್ಯ ಬಂದದ್ದು.

ಆ ಹುಡುಗ ನಂಬರ್ ತಗೊಂಡು ಹೋದ. ನಿನ್ನೆ ಮೆಸೇಜ್: ‘ಸಾರ್, ಇಲ್ಲಿ ಅಂಗಡೀಲಿ ಆ ಪುಸ್ತಕ ಇಲ್ಲ.’ ನನ್ನದೇ ಕೊಡ್ತೀನಪ್ಪ, ಅಲ್ಲಲ್ಲಿ ಸೊಪ್ಪಿನ ಕರೆ ಇದೆ, ಓದಿ ವಾಪಸ್ ಕೊಡಬೇಕು ಅಂದಿದ್ದೇನೆ. ಭಾನುವಾರ ಬರ್ತಾನಂತೆ.