ದನದ ಜಾಗದಲ್ಲಿ ಕಾರು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಏಳುತ್ತಿರುವ ಹೊಸ ಬಡಾವಣೆಗಳಲ್ಲಿ ಮನೆಯನ್ನು ಮೊದಲು ಕಟ್ಟುವುದು ಕಾರಿಗೆ. ಮನುಷ್ಯರದು ಆಮೇಲಿನ ಮಾತು. ಮೂವತ್ತು-ನಲವತ್ತರ ನಿವೇಶನದಲ್ಲಿ ರಸ್ತೆಗೆ ಮುಖ ಮಾಡಿದ, ಗಾಳಿ ಬೆಳಕು ಧಾರಾಳವಾಗಿ ಬರುವ ಭಾಗ ಅದಕ್ಕೇ ಮೀಸಲು. ಮನೆಯವರು ಅದರ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಒಳಗೆ ಹೋಗುತ್ತಾರೆ. ಕಾರು ಇಲ್ಲದವರೂ ಜಾಗ ಬಿಡುತ್ತಾರೆ. ಏಕೆಂದು ಕೇಳಿದರೆ, ನಾಳೆ ಬೀಗರು ಬಂದರೆ ಎಲ್ಲಿ ನಿಲ್ಲಿಸಬೇಕು ಎನ್ನುತ್ತಾರೆ. ಬೀಗರು ಎಲ್ಲಿ ಕೂರಬೇಕು ಎಂಬ ಯೋಚನೆ ಯಾರಿಗೂ ಬಂದಂತಿಲ್ಲ.

ಇದನ್ನು ಕಂಡು ಕಾಲ ಕೆಟ್ಟಿತೆಂದು ಗೊಣಗುವವರು ಗದಗ ಸೀಮೆಯ ಯಾವುದಾದರೂ ಹಳೆಯ ಮಾಳಿಗೆ ಮನೆಯನ್ನು, ಅಂದರೆ ಮಣ್ಣಿನ ಸಮತಟ್ಟು ಸೂರಿನ ಮನೆಯನ್ನು, ಹೊಕ್ಕು ನೋಡಬೇಕು. ತಲೆಬಾಗಿಲು ದಾಟಿದರೆ ಮೊದಲು ಎದುರಾಗುವುದು ದನಕ್ಕೆ ಮೇವು ಹಾಕುವ ಗೋದಲಿ, ಅದರ ಮುಂದೆ ಮೆಲುಕು ಹಾಕುತ್ತಿರುವ ಎತ್ತು. ಮನುಷ್ಯರ ಪಡಸಾಲೆ ಅದರಾಚೆ, ತುಸು ಎತ್ತರದಲ್ಲಿ. ಯಜಮಾನ ಮಲಗಿದಲ್ಲಿಂದಲೇ ಕಣ್ಣು ತೆರೆದರೆ ಎತ್ತು ಕಾಣಬೇಕು. ಅದರ ಕೊರಳ ಗಂಟೆ ಅಲುಗಿದರೆ ಎಚ್ಚರವಾಗಬೇಕು. ಈಗ ಅದೇ ಕೆಲಸವನ್ನು ಕಾರಿನ ಅಲಾರಂ ಮಾಡುತ್ತದೆ, ಇಡೀ ಓಣಿಯನ್ನು ಎಬ್ಬಿಸಿ. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತಿದ್ದ ಮನೆತನ ಈಗ ಆಯುಧಪೂಜೆಗೆ ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ ಹರವುತ್ತದೆ. ಮನೆಯ ನಕ್ಷೆ ಬದಲಾಗಿಲ್ಲ, ಕಟ್ಟಿಹಾಕಿದ ಪ್ರಾಣಿ ಬದಲಾಗಿದೆ. ಎತ್ತು ದುಡಿದು ಹಾಕುತ್ತಿತ್ತು, ಕಾರಿಗೆ ನಾವು ದುಡಿದು ಹಾಕುತ್ತೇವೆ ಎಂಬ ವ್ಯತ್ಯಾಸವನ್ನು ಬ್ಯಾಂಕಿನವರು ಪ್ರತಿ ತಿಂಗಳು ನೆನಪಿಸುತ್ತಾರೆ.

ನೆಲದ ಕೆಳಗಿನ ಕಥೆಯೂ ಇಂಥದೇ. ಹಳೆಯ ಮನೆಗಳಿಗೆ ಹಗೇವು, ಅಂದರೆ ಕಾಳು ತುಂಬಿಡುವ ನೆಲಗುಂಡಿ, ಇರುತ್ತಿತ್ತು. ಅದರೊಳಗೆ ವರ್ಷದ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಬರಗಾಲ ಬಂದರೂ ಧೈರ್ಯ. ತೆಗೆಯುವಾಗ ಮಾತ್ರ ಆತುರ ಸಲ್ಲದು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈಗ ಹಗೇವಿನ ಜಾಗದಲ್ಲಿ, ಸರಿಯಾಗಿ ಕಾರಿನ ಚಕ್ರದ ಕೆಳಗೆ, ನೀರಿನ ಸಂಪು ಇದೆ. ಜೋಳ ಈಗ ಕಿರಾಣಿ ಅಂಗಡಿಯಲ್ಲಿ ಬೇಕೆಂದಾಗ ಸಿಗುತ್ತದೆ. ಮಲಪ್ರಭೆಯ ನೀರು ಮಾತ್ರ ಸವದತ್ತಿಯ ಕಡೆಯಿಂದ ಹೊರಟು ನಮ್ಮ ನಲ್ಲಿ ತಲುಪಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರುಂಟು, ಉಳಿದವರು ಸರದಿ ಕಾಯಬೇಕು. ಯಾವುದರ ಬಗ್ಗೆ ಭಯವಿದೆಯೋ ಅದನ್ನು ನೆಲದಡಿ ಹೂಳುವ ಬುದ್ಧಿ ನಮ್ಮನ್ನು ಬಿಟ್ಟು ಹೋಗಿಲ್ಲ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಮಾಳಿಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಕಟ್ಟಿಗೆ, ಎಲೆ, ಹುಲ್ಲು, ಕೊನೆಗೆ ಮಣ್ಣು. ಅದು ಎಂಥದೋ ಒಂದು ಮಣ್ಣಾದರೆ ನಡೆಯದು. ಹೊಲದ ತುಂಬ ಬಿದ್ದಿರುವ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಾಳಿಗೆಗೆ ಬೇಕಾದದ್ದು ಒಂದು ಕಾಳೂ ಬೆಳೆಯದ ಸವಳು ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ, ಆಮೇಲೆ ನೀರು ಕೆಳಗೆ ಇಳಿಯುವುದಿಲ್ಲ. ಬೇರಿಗೆ ನೀರು ದಕ್ಕದಂತೆ ಮಾಡುವ ಗುಣವೇ ಸೂರು ಸೋರದಂತೆ ಕಾಯುತ್ತದೆ. ಇದನ್ನು ಯಾವ ಪ್ರಯೋಗಾಲಯವೂ ಹೇಳಿಕೊಡುವ ಮೊದಲೇ ರೈತರು ಚಕ್ಕಡಿ ಹೂಡಿಕೊಂಡು ಹೋಗಿ, ಮಳೆಗಾಲಕ್ಕೆ ಮುಂಚೆ ಆ ಮಣ್ಣನ್ನು ತಂದು ಮಾಳಿಗೆಗೆ ಹರವುತ್ತಿದ್ದರು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ನಾನು ಕುಳಿತಿಲ್ಲ. ವರ್ಷ ವರ್ಷವೂ ಹೊಸ ಮಣ್ಣು ಬಿದ್ದರೆ ಭಾರ ಏರುತ್ತದೆ, ಗೆದ್ದಲು ಹಿಡಿದ ತೊಲೆ ಒಂದು ದಿನ ಸೋಲುತ್ತದೆ. 2019ರ ಆಗಸ್ಟ್ ತಿಂಗಳ ಮಳೆ ಮತ್ತು ನೆರೆಯಲ್ಲಿ ಈ ಭಾಗದಲ್ಲಿ ಎಷ್ಟು ಮಣ್ಣಿನ ಮನೆಗಳು ಕುಸಿದವೆಂಬುದನ್ನು ಕಂಡವರಾರೂ ಮಾಳಿಗೆಯ ಬಗ್ಗೆ ಪದ್ಯ ಬರೆಯುವುದಿಲ್ಲ. ಒಳಗೆ ಕತ್ತಲೆ ಬೇರೆ. ಬೆಳಕು ಬರುವುದು ಮಾಳಿಗೆಯ ಗವಾಕ್ಷಿಯಿಂದ, ಒಲೆಯ ಹೊಗೆ ಹೋಗಬೇಕಾದದ್ದೂ ಅಲ್ಲಿಂದಲೇ. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದನ್ನೂ ಮುಚ್ಚಬೇಕು. ದಪ್ಪ ಗೋಡೆಯ ತಂಪನ್ನು ಹೊಗಳುವವರು ಹೆಚ್ಚಾಗಿ ಪಡಸಾಲೆಯಲ್ಲಿ ಕುಳಿತಿದ್ದ ಗಂಡಸರು. ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರನ್ನು ಕೇಳಿದರೆ ಉತ್ತರ ಬೇರೆ ಬಂದೀತು.

ಧಾರವಾಡದ ಪಡುವಣಕ್ಕೆ ಮಲೆನಾಡು ಹತ್ತಿರ. ಹಿಡಿದರೆ ಬಿಡದ ಆ ಮಳೆಗೆ ಇಳಿಜಾರಿನ ಸೂರೇ ಸರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹೆಂಚು ಘಟ್ಟ ಹತ್ತಿ ಬಂದು ಧಾರವಾಡದ ಮಾಳಮಡ್ಡಿ ಬಡಾವಣೆಯ ಮನೆಗಳ ಮೇಲೆ ಕುಳಿತಿತು. ಹೆಂಚಿನ ಕೆಳಗೆ ಅಟ್ಟ ಬಂತು. ಅಟ್ಟದಲ್ಲಿ ಹಳೆಯ ಪಾತ್ರೆ, ಮುರಿದ ತೊಟ್ಟಿಲು ಇಡುವುದು ಲೋಕರೂಢಿ. ಧಾರವಾಡದವರು ಅಲ್ಲಿ ಸಾಹಿತಿಗಳನ್ನೂ ಇಟ್ಟರು. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದ ಹರಟೆಯಿಂದ ಕನ್ನಡಕ್ಕೆ ಬಂದ ಲಾಭ ಕಡಿಮೆಯಲ್ಲ. ಆರ್‌ಸಿಸಿ ಮನೆಯ ಲಾಫ್ಟಿನಿಂದ ಈವರೆಗೆ ಇಳಿದಿರುವುದು ಸೂಟ್‌ಕೇಸುಗಳು ಮಾತ್ರ.

ಇಷ್ಟೆಲ್ಲದರಲ್ಲಿ ನಿಜವಾಗಿ ಹೊಸದು ಯಾವುದೆಂದರೆ ಮಲಗುವ ಕೋಣೆ. ಹಿಂದೆ ಮನೆಯನ್ನು ಅಂಕಣದಿಂದ ಅಳೆಯುತ್ತಿದ್ದರು, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗದಿಂದ. ಅಣ್ಣತಮ್ಮಂದಿರು ಬೇರೆಯಾದಾಗ ಪಾಲು ಹಂಚುತ್ತಿದ್ದುದೂ ಅಂಕಣದ ಲೆಕ್ಕದಲ್ಲೇ. ಐದಂಕಣದ ಮನೆಯಲ್ಲಿ ದನಕ್ಕೆ, ದೇವರಿಗೆ, ಕಾಳಿಗೆ, ಬಾಣಂತಿಗೆ ಗೊತ್ತಾದ ಜಾಗವಿತ್ತು, ನಿದ್ದೆಗೆ ಇರಲಿಲ್ಲ. ಕತ್ತಲಾದರೆ ಕೌದಿ ಹಾಸಿದಲ್ಲೇ ನಿದ್ದೆ. ಬೇಸಿಗೆಯಾದರೆ ಮಾಳಿಗೆಯ ಮೇಲೆ, ಸಾಲಾಗಿ. ಹೊಸದಾಗಿ ಮದುವೆಯಾದವರು ಆ ಸಾಲಿನಲ್ಲಿ ಪಟ್ಟ ಪಾಡು ಎಂಥದೋ, ಜನಪದರು ಸೂಚ್ಯವಾಗಿ ಹಾಡಿ ಸುಮ್ಮನಾಗಿದ್ದಾರೆ. ಈಗ ಮನೆಯ ಪ್ರಮಾಣವನ್ನೇ ನಿದ್ದೆಯಿಂದ ಅಳೆಯುತ್ತೇವೆ: ಎರಡು ಬಿಎಚ್‌ಕೆ, ಮೂರು ಬಿಎಚ್‌ಕೆ. ಒಬ್ಬೊಬ್ಬರಿಗೂ ಒಂದು ಬಾಗಿಲು, ಬಾಗಿಲಿಗೊಂದು ಚಿಲಕ, ಒಳಗೊಂದು ಮೊಬೈಲು. ಇದನ್ನು ನಾನು ದೂರುವುದಿಲ್ಲ. ಚಿಲಕವಿರುವ ಬಾಗಿಲು ಎಷ್ಟು ದೊಡ್ಡ ಸುಖವೆಂಬುದು ಹತ್ತು ಜನರ ನಡುವೆ ಮಲಗಿ ಪರೀಕ್ಷೆಗೆ ಓದಿದವರಿಗೆ ಗೊತ್ತು.

ಹಳೆಯ ಮನೆ ನೋಡಬೇಕೆನ್ನುವ ನಗರದ ಮಕ್ಕಳನ್ನು ಈಗ ಹಾವೇರಿ ಜಿಲ್ಲೆಯ ಗೊಟಗೋಡಿಗೆ ಕರೆದುಕೊಂಡು ಹೋಗುತ್ತಾರೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಅಲ್ಲಿನ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಒಂದು ಇಡೀ ಹಳ್ಳಿಯನ್ನೇ ನಿಲ್ಲಿಸಿದ್ದಾರೆ: ಮನೆ, ದನಕರು, ಕೆಲಸದಲ್ಲಿ ತೊಡಗಿದ ಜನ, ಎಲ್ಲವೂ ಆಳೆತ್ತರದ ಶಿಲ್ಪ. ಜೀವ ಇದೆಯೇನೋ ಎನ್ನಿಸುವ ಕೆಲಸ ಅದು. ಆ ದನಗಳಿಗೆ ಮೇವು ಹಾಕಬೇಕಿಲ್ಲ, ಸಗಣಿ ಬಳಿಯಬೇಕಿಲ್ಲ. ಮಕ್ಕಳು ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಪ್ಪ ಮಾತ್ರ ಹೊರಗೆ, ಕಾರಿಗೆ ನೆರಳು ಹುಡುಕುತ್ತಿರುತ್ತಾನೆ.