ಗೋಳಗುಮ್ಮಟದಾಗ ತತ್ತಿ

ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ವಿಜಯಪುರದಲ್ಲಿ ಹೊರಗೆ ತಿರುಗುವವರು ಎರಡೇ ನಮೂನಿ ಮಂದಿ: ಲಗ್ನದ ಕಾರ್ಡು ಹಂಚುವವರು, ಇಲ್ಲವೇ ಚುನಾವಣೆಗೆ ನಿಂತವರು. ನಾನು ಎರಡೂ ಅಲ್ಲ. ಆದರೂ ಕಳೆದ ಬೇಸಿಗೆಯ ಒಂದು ಭಾನುವಾರ ತಲೆಗೆ ಟವೆಲ್ ಸುತ್ತಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು ಗೋಳಗುಮ್ಮಟದ ಗೇಟಿನಲ್ಲಿ ನಿಂತಿದ್ದೆ.

ಕಾರಣ ನನ್ನ ತಂಗಿಯ ಮಗ. ಬೆಂಗಳೂರಿನಿಂದ ರಜೆಗೆ ಬಂದವನು ಹಿಂದಿನ ರಾತ್ರಿ ಊಟಕ್ಕೆ ಕೂತಾಗ, "ಮಾಮಾ, ನಾಳೆ ಕಮ್ಯುನಿಟಿ ಡೇ ಐತಿ, ಗೋಳಗುಮ್ಮಟಕ್ಕ ಹೋಗೂಣು" ಅಂದ. ಕಮ್ಯುನಿಟಿ ಅಂದರೆ ನಮ್ಮ ಕಡೆ ಅರ್ಥ ಒಂದೇ. "ಯಾರ ಕಮ್ಯುನಿಟಿದೋ? ನಮ್ಮವರದಾಗಿದ್ರ ಮೀಸಲಾತಿಗೆ ಮನವಿ ಕೊಡಾಕ ಕರದಿರಬೇಕು" ಅಂದೆ. ಹುಡುಗ ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ. "ಪೋಕೆಮಾನ್ ಗೋ, ಮಾಮಾ."

ಗೊತ್ತಿಲ್ಲದವರಿಗೆ ಎರಡು ಮಾತು. 2016ರ ಜುಲೈನಲ್ಲಿ ಹುಟ್ಟಿದ ಈ ಮೊಬೈಲ್ ಆಟ ಅದೇ ಡಿಸೆಂಬರಿನಲ್ಲಿ ಜಿಯೋದ ಕೈಹಿಡಿದು ನಮ್ಮ ದೇಶಕ್ಕೆ ಬಂತು. ಫೋನಿನಲ್ಲಿ ನೀವಿರುವ ಊರಿನದೇ ನಕಾಶೆ, ಅದೇ ರಸ್ತೆ. ಆ ರಸ್ತೆಯಲ್ಲಿ ಕಣ್ಣಿಗೆ ಕಾಣದ ಪ್ರಾಣಿಗಳು. ಹತ್ತಿರ ಹೋಗಿ ಚೆಂಡು ಒಗೆದು ಹಿಡಿಯಬೇಕು. ಕಮ್ಯುನಿಟಿ ಡೇ ದಿನ ಮಧ್ಯಾಹ್ನ ಎರಡರಿಂದ ಐದರವರೆಗೆ ಒಂದೇ ಪ್ರಾಣಿ ಎಲ್ಲೆಂದರಲ್ಲಿ ಮುಕುರುತ್ತದೆ. ಅದರಲ್ಲಿ ಅಪರೂಪಕ್ಕೊಂದು ಬೇರೆ ಬಣ್ಣದ್ದಿರುತ್ತದೆ. ಅದಕ್ಕೆ ಶೈನಿ ಅಂತಾರೆ. ಅದಕ್ಕಾಗಿಯೇ ಈ ಜಾತ್ರೆ. ಎರಡರಿಂದ ಐದು ಅಂದರೆ ಆಯಾ ಊರಿನ ಗಡಿಯಾರದ ಪ್ರಕಾರ. ಲಂಡನ್ನಿನಲ್ಲಿ ಅದು ಎಳೆಬಿಸಿಲು ಕಾಯಿಸಿಕೊಳ್ಳುವ ಹೊತ್ತಿರಬಹುದು, ನಮ್ಮಲ್ಲಿ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು.

ಹೊರಡುವಾಗ ನನ್ನಾಕಿ ಬಾಗಿಲಲ್ಲೇ ತರುಬಿದಳು. "ಇಳಕಲ್ ಸೀರಿ ಅಂಗಡ್ಯಾಗ 'ಇದ ನಮೂನಿ ಬ್ಯಾರೆ ಬಣ್ಣದ್ದು ತೋರಸ್ರಿ' ಅಂತ ನಾ ಅರ್ಧ ತಾಸು ಕುಂತ್ರ ಹೊರಗ ನಿಂತು ಹಲ್ಲು ಕಡೀತೀರಿ. ಈಗ ಅದ ಕೆಲಸಕ್ಕ ಮೂರು ತಾಸು ಬಿಸಲಾಗ ಹೊಂಟೀರಲ್ಲ!" ಉತ್ತರ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ.

ಒಳಗೆ ಬೇವಿನ ನೆರಳಿಗೆ ಇಪ್ಪತ್ತು ಮೂವತ್ತು ಹುಡುಗರು ಸೇರಿದ್ದರು. ಯಾರ ಪರಿಚಯ ಯಾರಿಗೂ ಇಲ್ಲ. ಎಲ್ಲರ ಕತ್ತು ಒಂದೇ ಕೋನಕ್ಕೆ ಬಾಗಿದೆ, ಎಲ್ಲರ ಹೆಬ್ಬೆಟ್ಟು ಒಂದೇ ಸಮ ಮೇಲಕ್ಕೆ ಚಿಮ್ಮುತ್ತಿದೆ, ಕೇರಂ ಆಡುವವರ ಗತಿ. ಎದುರಿಗೆ 1656ರಲ್ಲಿ ಮುಗಿದ ಕಟ್ಟಡ. ಹೊರಗಿನಿಂದ ಅಳೆದರೆ 44 ಮೀಟರ್ ಅಡ್ಡಳತೆಯ ಗುಮ್ಮಟ, ಒಳಗೆ ನಡುವೆ ಒಂದೂ ಕಂಬವಿಲ್ಲ. ಮಹಮ್ಮದ್ ಆದಿಲ್‌ಶಾಹ ತಲೆ ಎತ್ತಿ ನೋಡಲೆಂದೇ ಕಟ್ಟಿಸಿದ್ದು. ತಲೆ ಎತ್ತಿದವರು ಯಾರೂ ಇರಲಿಲ್ಲ. ಸೋಲಾಪುರದ ಕಡೆಯ ಹೊಸ ಜೋಡಿಯೊಂದು ಬಂದು "ಒಂದು ಫೋಟೋ ತೆಗೀತಿಯೇನಪ್ಪಾ?" ಎಂದು ಅಳಿಯನನ್ನು ಕೇಳಿತು. "ಐದಕ್ಕ ಬರ್ರಿ, ತೆಗೀತೀನಿ" ಅಂದ.

ಅಳಿಯನ ಮಾತಿನ ಪ್ರಕಾರ ಗೋಳಗುಮ್ಮಟ ಒಂದು ಜಿಮ್. ಇಲ್ಲಿ ಪ್ರಾಣಿ ಕೂಡಿಸಿ ಕಾವಲಿಟ್ಟರೆ ನಾಣ್ಯ ಸಿಗುತ್ತವಂತೆ. ಬಾದಶಹರೂ ಇದನ್ನೇ ಮಾಡುತ್ತಿದ್ದರು, ಖರ್ಚು ಸ್ವಲ್ಪ ಹೆಚ್ಚು.

ಬಿಸಿಲು ತಡೆಯದೆ ಒಳಗೆ ಹೋದೆವು. ಮೂಲೆಯ ಮಿನಾರಿನ ಏಳು ಅಂತಸ್ತಿನ ಸುತ್ತುಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ಮುಟ್ಟುವಷ್ಟರಲ್ಲಿ ನನ್ನ ಎದೆ ನಗಾರಿ ಆಗಿತ್ತು. "ಎಷ್ಟು ನಡದಂಗಾತೋ?" ಅಂದೆ. ಅಳಿಯ ಫೋನು ನೋಡಿ, "ಏನೂ ಇಲ್ಲ ಮಾಮಾ. ಮ್ಯಾಲ ಹತ್ತಿದ್ದು ಲೆಕ್ಕಕ್ಕ ಬರೂದಿಲ್ಲ, ಅಡ್ಡ ನಡೀಬೇಕು" ಅಂದ. ಅದೇ ಹೊತ್ತಿಗೆ, ಗೋಡೆ ದಪ್ಪವಾಗಿ ಜಿಪಿಎಸ್ ತಲೆಕೆಟ್ಟು, ಸುಮ್ಮನೆ ನಿಂತಿದ್ದ ಅವನ ಫೋನಿನೊಳಗಿನ ಗೊಂಬೆ ತಾನೇ ತಾನಾಗಿ ಗುಮ್ಮಟದ ಹೊರಗೆ ಅಡ್ಡಾಡತೊಡಗಿತು. ಅದಕ್ಕೆ ಲೆಕ್ಕ ಬಂತು! ಮೆಟ್ಟಿಲು ಹತ್ತಿದವನಿಗೆ ಸೊನ್ನೆ, ನಿಂತವನಿಗೆ ನೂರು ಮೀಟರ್. ಸರ್ಕಾರಿ ಬಡ್ತಿಯ ನಿಯಮವೂ ಹೀಗೇ ಇದೆ, ಹಾಗಾಗಿ ನಾನು ವಾದಿಸಲಿಲ್ಲ.

ಆಗ ಅವನಿಗೆ ಶೈನಿ ಬಿತ್ತು. "ಸಿಕ್ತು!" ಅಂತ ಚೀರಿದ.

ಚೀರಿದ್ದೆಲ್ಲಿ ಅನ್ನುವುದನ್ನು ಮರೆತಿದ್ದ. ಸಿಕ್ತು, ಸಿಕ್ತು, ಸಿಕ್ತು ಎಂದು ಗುಮ್ಮಟ ಏಳು ಸಲ ಸಾರಿತು. ಹುಡುಗರೆಲ್ಲ ತಮಗೇನೋ ತಪ್ಪಿಹೋಯಿತೆಂದು ಫೋನು ತಿಕ್ಕತೊಡಗಿದರು. ಆದರೆ ಗ್ಯಾಲರಿಯಲ್ಲಿ ಇಂಡಿ ಕಡೆಯಿಂದ ಬಂದ ಒಂದು ಟೆಂಪೋದಷ್ಟು ಮಂದಿಯೂ ಇದ್ದರು. ಅವರಲ್ಲೊಬ್ಬ ಹಿರಿಯರು ಆಚೆ ದಂಡೆಯಲ್ಲಿ ಪಕ್ಕದವರ ಕಿವಿಗೆ "ನಿಧಿ ಸಿಕ್ಕೈತಿ" ಅಂದರು. ಪಿಸುಮಾತಿನ ಗ್ಯಾಲರಿ! ಆ ದಂಡೆಯ ಪಿಸುಮಾತು ಈ ದಂಡೆಯಲ್ಲಿದ್ದ ನಮಗೆ ನಮ್ಮ ಹೆಗಲ ಮೇಲಿಂದ ಹೇಳಿದ ಹಾಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ನಿಮಿಷದೊಳಗೆ ನಮ್ಮ ಸುತ್ತ ಕೋಟೆ.

"ಬಂಗಾರನೋ, ಬೆಳ್ಳಿನೋ?"

"ನೀಲಿ ಬಣ್ಣದ್ದು" ಅಂದ ಅಳಿಯ.

"ನೀಲಮಣಿ!"

ಕಾವಲುಗಾರ ಬಂದ. "ಏನ್ ಸಿಕ್ಕೈತಿ, ಇಲ್ಲಿ ಇಡ್ರಿ. ಕಾಂಪೌಂಡ್ ಒಳಗ ಸಿಕ್ಕಿದ್ದು ಸರ್ಕಾರದ್ದು." ಅಳಿಯ ಫೋನು ತೋರಿಸಿದ. ಕಾವಲುಗಾರ ಪರದೆ ನೋಡಿದ, ಪರದೆ ತಿರುಗಿಸಿ ಹಿಂಭಾಗ ನೋಡಿದ. ನಾನು ಮಾತ್ರ ನಿಜವಾಗಿ ಹೆದರಿದ್ದೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ನೆನಪಾಗಿತ್ತು. ಅದರ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ನೀಲಿ ಬಣ್ಣದ ಈ ಪ್ರಾಣಿಗೆ ಹತ್ತು ರೂಪಾಯಿ ಬೆಲೆ ಉಂಟೇ? ಹಿಡಿಯಲು ಬಸ್ಸು, ಟಿಕೆಟ್, ಡೇಟಾ, ಎರಡು ಗ್ಲಾಸ್ ಕಬ್ಬಿನಹಾಲು ಅಂತ ಮುನ್ನೂರು ದಾಟಿತ್ತು. ಮಾರಲು ಹೋದರೆ ಇಂಡಿಯವರು ಐದು ಪೈಸೆ ಕೊಡುವಂತಿರಲಿಲ್ಲ. ಅವರು ಆಗಲೇ ಬೈದುಕೊಳ್ಳುತ್ತ ಮೆಟ್ಟಿಲು ಇಳಿಯುತ್ತಿದ್ದರು.

ನಮ್ಮದು ವಾಸಿ. 2017ರ ಜುಲೈ 22ರಂದು ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಈ ಆಟದ ಮೊದಲ ದೊಡ್ಡ ಜಾತ್ರೆ ನಡೆದಾಗ ಸುಮಾರು ಇಪ್ಪತ್ತು ಸಾವಿರ ಮಂದಿ 20 ಡಾಲರ್ ಟಿಕೆಟ್ ಕೊಟ್ಟು ಸೇರಿದ್ದರು. ಅಷ್ಟು ಮಂದಿ ಒಮ್ಮೆಲೇ ಫೋನು ತೆಗೆದದ್ದಕ್ಕೆ ನೆಟ್‌ವರ್ಕ್ ಕುಸಿಯಿತು, ಬಹಳ ಮಂದಿಗೆ ಆಟ ತೆರೆಯಲೇ ಇಲ್ಲ. ವೇದಿಕೆ ಹತ್ತಿದ ಕಂಪನಿಯ ಮುಖ್ಯಸ್ಥರಿಗೆ ಜನ ಧಿಕ್ಕಾರ ಕೂಗಿದರು. ಕೊನೆಗೆ ಟಿಕೆಟ್ ಹಣ ವಾಪಸ್, ಮೇಲೆ 100 ಡಾಲರಿನ ಆಟದ ನಾಣ್ಯ, ತಲೆಗೊಂದು ಅಪರೂಪದ ಹಕ್ಕಿ. ಹಕ್ಕಿಯೂ ಆಟದ್ದೇ. ನಮ್ಮ ಕಡೆ ಸಮಾವೇಶ ಕೆಟ್ಟರೆ ಕನಿಷ್ಠ ಪಲಾವಿನ ಪೊಟ್ಟಣವಾದರೂ ನಿಜದ್ದಿರುತ್ತದೆ.

ಒಂದು ಸಂಗತಿಗೆ ಮಾತ್ರ ನನ್ನ ಹೊಟ್ಟೆ ಉರಿಯಿತು. ಆಟದೊಳಗೆ ಇನ್ನೊಂದು ಕೆಲಸವಿತ್ತು: ಗುಡಿ, ಗೋರಿ, ಪುತ್ಥಳಿಗಳ ಸುತ್ತ ನಡೆದು ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ ಕಳಿಸಿದರೆ ಬಹುಮಾನ. ಹೀಗೆ ಬಂದದ್ದನ್ನೂ ಸೇರಿಸಿಕೊಂಡು ಜಗತ್ತಿನ ಮೂರು ಆಯಾಮದ ಮಾದರಿ ಕಟ್ಟುತ್ತಿದ್ದೇವೆಂದು ಕಂಪನಿ 2024ರಲ್ಲಿ ಹೇಳಿತು. ಮರುವರ್ಷ ಆಟಗಳ ವ್ಯವಹಾರವನ್ನು 350 ಕೋಟಿ ಡಾಲರಿಗೆ ಮಾರಿತು. ನಮ್ಮ ಹೊಲದ ಹದ್ದುಬಸ್ತಿಗೆ ಅರ್ಜಿ ಹಾಕಿ ಎರಡು ವರ್ಷವಾಯಿತು, ಸರ್ವೇಯರ್ ಬಂದಿಲ್ಲ. ಹೊಲದ ಬದುವಿನ ಮೇಲೊಂದು ಪ್ರಾಣಿ ಬಿಟ್ಟರೆ ಈ ಹುಡುಗರು ಮೂರು ತಾಸಿನಲ್ಲಿ ಅಳೆದು ಕೊಡುತ್ತಿದ್ದರು.

ಕೆಳಗಿಳಿದು ಟಾಂಗಾ ಹಿಡಿದೆವು. ಅಳಿಯನ ಹತ್ತಿರ ಹತ್ತು ಕಿಲೋಮೀಟರಿನ ತತ್ತಿಯೊಂದಿತ್ತು, ಅಷ್ಟು ನಡೆದರೆ ಒಡೆದು ಮರಿ ಬರುತ್ತದೆ. (2016ರಲ್ಲಿ ಗುಡಿಗಳ ಜಾಗದಲ್ಲೂ ಈ ತತ್ತಿ ಸಿಗುತ್ತವೆಂದು ಗುಜರಾತ್ ಹೈಕೋರ್ಟಿಗೆ ಅರ್ಜಿ ಹೋಗಿ ಕಂಪನಿಗೆ ನೋಟಿಸೂ ಹೊರಟಿತ್ತು. ಬೇಯಿಸಿದ್ದೋ ಹಸಿಯೋ, ಯಾರೂ ಕೇಳಿದಂತಿಲ್ಲ.) ತಾಸಿಗೆ ಹತ್ತೂವರೆ ಕಿಲೋಮೀಟರಿಗಿಂತ ಜೋರು ಹೋದರೆ ನಡಿಗೆ ಅನ್ನಿಸಿಕೊಳ್ಳುವುದಿಲ್ಲವಂತೆ. "ಕಾಕಾ, ಸಾವಕಾಶ ಹೊಡೀರಿ" ಅಂದ ಅಳಿಯ. ಟಾಂಗಾದವ ನಲವತ್ತು ವರ್ಷದಲ್ಲಿ ಈ ಮಾತು ಕೇಳಿರಲಿಲ್ಲ. ಕುದುರೆಗೂ ಅರ್ಥವಾಗದೆ ಅದು ನಿಂತೇಬಿಟ್ಟಿತು. "ಅಷ್ಟು ಸಾವಕಾಶ ಅಲ್ರೀ!"

ಹೀಗೆ ಮೆರವಣಿಗೆಯ ಗತಿಯಲ್ಲಿ ಮಲಿಕ್-ಎ-ಮೈದಾನ್ ಬುರುಜು ಮುಟ್ಟಿದೆವು. 55 ಟನ್ನಿನ ತೋಪು, ಅದರ ಬಾಯಿಗೆ ಕೆತ್ತಿದ ಸಿಂಹ, ಸಿಂಹದ ಹಲ್ಲುಗಳ ನಡುವೆ ನಜ್ಜುಗುಜ್ಜಾದ ಆನೆ. ಅಲ್ಲಿಗೂ ನಾಲ್ಕು ಹುಡುಗರು ಬಂದಿದ್ದರು. ಸಿಂಹಕ್ಕೆ ಬೆನ್ನು ಕೊಟ್ಟು ನಿಂತು ಖಾಲಿ ಹುಲ್ಲಿಗೆ ಚೆಂಡು ಒಗೆಯುತ್ತಿದ್ದರು.

ಐದು ಗಂಟೆಗೆ ಜಾತ್ರೆ ಮುಗಿಯಿತು. ತತ್ತಿಗೆ ಇನ್ನೂ ಇನ್ನೂರು ಮೀಟರ್ ಬಾಕಿ. ಕುದುರೆ ಮಾತ್ರ ನೀರಿನ ದೋಣಿಯ ಹತ್ತಿರ ಬಂದದ್ದೇ ಕಾಲೂರಿತು, ಮುಂದೆ ಒಂದು ಹೆಜ್ಜೆ ಇಡಲೊಲ್ಲದು. ಅಳಿಯ ಕೆಳಗೆ ಜಿಗಿದ. ಫೋನು ಎದೆಗೆ ಹಿಡಿದು ಕುದುರೆ, ಟಾಂಗಾ, ನನ್ನನ್ನೂ ಸೇರಿಸಿ ಸುತ್ತು ಹಾಕತೊಡಗಿದ. ಐದು ಸುತ್ತು, ಹತ್ತು ಸುತ್ತು.

ಟಾಂಗಾದವ ಬೀಡಿ ಆರಿಸಿ, ಚಪ್ಪಲಿ ಬಿಟ್ಟು ನಿಂತ. ಮೆಲ್ಲಗೆ ಕೇಳಿದ: "ಹುಡುಗಂದು ಏನ್ ಹರಕಿ ಐತ್ರಿ ಸಾಹೇಬ್ರ?"

"ತತ್ತಿ ಒಡೀಲಿ ಅಂತ."

ಅವನು ಕುದುರೆಯನ್ನು ನೋಡಿದ. ಕುದುರೆ ನನ್ನನ್ನು ನೋಡಿತು.